ಟ್ರಿಪ್‌ನಲ್ಲೇ ಫೋಟೊ, ವಿಡಿಯೊ ಎಡಿಟ್ ಮಾಡಲು ಲ್ಯಾಪ್‌ಟಾಪ್ ಆರಿಸುವುದು ಹೇಗೆ? ಹಂತ ಹಂತದ ಸಮಗ್ರ ಮಾರ್ಗದರ್ಶಿ

ಲ್ಯಾಪ್‌ಟಾಪ್ ಕೊಂಡ ಮೇಲೆ ಕೇಳಿಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಥರ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇದೆ, ಆದರೂ ಟೈಮ್‌ಲೈನ್ (ಎಡಿಟ್ ಮಾಡುವಾಗ ಕ್ಲಿಪ್‌ಗಳನ್ನು ಜೋಡಿಸುವ ಪಟ್ಟಿ) ತಡವರಿಸುತ್ತದೆ. ಮನೆಯಲ್ಲಿ ಚೆನ್ನಾಗಿ ಓಡುತ್ತಿತ್ತು, ರೈಲು ಹತ್ತಿದರೆ ಒಂದೇ ಗಂಟೆಗೆ ಬ್ಯಾಟರಿ ಖಾಲಿ. ಹೋಂಸ್ಟೇಯಲ್ಲಿ ಕೂತು ಬಣ್ಣ ತಿದ್ದಿದ ಫೋಟೊ ಮೊಬೈಲ್‌ನಲ್ಲಿ ನೋಡಿದರೆ ಕೆಂಪು ಕೆಂಪು.

ಇಷ್ಟಕ್ಕೂ ಕಾರಣ ಆರಿಸುವ ಕ್ರಮ. ಬಹಳಷ್ಟು ಜನ ಮೊದಲು ಬ್ರ್ಯಾಂಡ್ ನೋಡುತ್ತಾರೆ, ಆಮೇಲೆ ಪ್ರೊಸೆಸರ್, ಆಮೇಲೆ ಆಫರ್. ತಮ್ಮ ಕ್ಯಾಮೆರಾ ಎಂಥ ಫೈಲ್ ಕೊಡುತ್ತದೆ ಅನ್ನುವುದು ಕೊನೆಗೆ ನೆನಪಾಗುತ್ತದೆ. ಇಲ್ಲಿ ಫೈಲ್‌ನಿಂದಲೇ ಶುರು ಮಾಡೋಣ. ಹಂತಗಳನ್ನು ಇದೇ ಕ್ರಮದಲ್ಲಿ ಮುಗಿಸಿ.

## ಮೊದಲು ಕೈಯಲ್ಲಿ ಇರಬೇಕಾದವು

ನಿಮ್ಮದೇ ಕ್ಯಾಮೆರಾದ 4–5 ಕ್ಲಿಪ್, 20 ರಾ ಫೋಟೊ (ಕ್ಯಾಮೆರಾದ ಸಂಸ್ಕರಿಸದ ಮೂಲ ಫೈಲ್), ಇವನ್ನು ತುಂಬಿದ ಒಂದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡ್ರೈವ್). ಫೈಲ್‌ನ ವಿವರ ತೋರಿಸುವ ಮೀಡಿಯಾಇನ್ಫೊ ಎಂಬ ಉಚಿತ ಸಾಫ್ಟ್‌ವೇರ್. ಅಡುಗೆಮನೆಯ ತೂಕದ ಯಂತ್ರ. ಬರೆದುಕೊಳ್ಳಲು ಒಂದು ಚೀಟಿ. ಕ್ಲಿಪ್‌ಗಳು ನೀವು ನಿಜವಾಗಿ ಕೆಲಸಕ್ಕೆ ಬಳಸುವ ಸೆಟ್ಟಿಂಗ್‌ನಲ್ಲೇ ತೆಗೆದವಾಗಿರಲಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಕ್ಲಿಪ್ ಬೇಡ. ಅದು ಈಗಾಗಲೇ ಕುಗ್ಗಿರುತ್ತದೆ.

## ಹಂತ 1: ನಿಮ್ಮ ಫೈಲ್ ಯಾವ ಜಾತಿಯದು ನೋಡಿ

ಒಂದು ಕ್ಲಿಪ್ಪನ್ನು ಮೀಡಿಯಾಇನ್ಫೊದಲ್ಲಿ ತೆರೆಯಿರಿ. ನಾಲ್ಕು ವಿಷಯ ಚೀಟಿಯಲ್ಲಿ ಬರೆದುಕೊಳ್ಳಿ: ಫಾರ್ಮ್ಯಾಟ್ (ವಿಡಿಯೊ ಕುಗ್ಗಿಸುವ ವಿಧಾನ: ಎಚ್.264 ಅಥವಾ ಎಚ್.265, ಎರಡನೆಯದಕ್ಕೇ ಎಚ್‌ಇವಿಸಿ ಅನ್ನುತ್ತಾರೆ), ಬಿಟ್ ಡೆಪ್ತ್ (ಬಣ್ಣದ ಛಾಯೆಗಳ ಸೂಕ್ಷ್ಮತೆ: 8 ಅಥವಾ 10), ಕ್ರೋಮಾ (ಎಷ್ಟು ಬಣ್ಣದ ಮಾಹಿತಿ ಉಳಿಸಿದೆ: 4:2:0 ಅಥವಾ 4:2:2), ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಡೇಟಾ).

ಇದರಲ್ಲಿ ಮೂರನೆಯದನ್ನು ಯಾರೂ ನೋಡುವುದಿಲ್ಲ. ತೊಂದರೆ ಇರುವುದೇ ಅಲ್ಲಿ. ಮೊಬೈಲ್, ಗೋಪ್ರೊ, ಸಣ್ಣ ಡ್ರೋನ್‌ಗಳು ಸಾಮಾನ್ಯವಾಗಿ 4:2:0 ಕೊಡುತ್ತವೆ. ಈಚಿನ ಯಾವ ಲ್ಯಾಪ್‌ಟಾಪ್ ಆದರೂ ಇದನ್ನು ಸಲೀಸಾಗಿ ಓಡಿಸುತ್ತದೆ. ಸೋನಿ ಎ7 4, ಕ್ಯಾನನ್ ಆರ್6ನಂಥ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಲಾಗ್ (ಆಮೇಲೆ ಬಣ್ಣ ತಿದ್ದಲೆಂದು ಪೇಲವವಾಗಿ ತೆಗೆಯುವ ಸೆಟ್ಟಿಂಗ್) ಹಾಕಿ ತೆಗೆಯುವವರು ಮಾತ್ರ 10-ಬಿಟ್ 4:2:2 ಆರಿಸಿರುವುದು ಜಾಸ್ತಿ. ಇದರಲ್ಲಿ ಬಣ್ಣದ ಮಾಹಿತಿ ಹೆಚ್ಚು, ಬಿಡಿಸಿ ಓದುವ ಕೆಲಸವೂ ಹೆಚ್ಚು. ಚಿಪ್‌ನಲ್ಲಿ ಅದಕ್ಕೆಂದೇ ಪ್ರತ್ಯೇಕ ಭಾಗ ಇದ್ದರೆ ಸರಾಗವಾಗಿ ಓಡುತ್ತದೆ. ಇಲ್ಲದಿದ್ದರೆ ಇಡೀ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. ಫ್ಯಾನ್ ಕೂಗುತ್ತದೆ, ಬ್ಯಾಟರಿ ಕರಗುತ್ತದೆ, ಚಿತ್ರ ನಿಂತು ನಿಂತು ಸಾಗುತ್ತದೆ.

ಐಫೋನ್ ಪ್ರೊನಲ್ಲಿ ಪ್ರೊರೆಸ್ (ಆ್ಯಪಲ್‌ನ ಕಮ್ಮಿ ಕುಗ್ಗಿಸುವ ವಿಡಿಯೊ ಫಾರ್ಮ್ಯಾಟ್) ತೆಗೆಯುವವರ ಲೆಕ್ಕ ಬೇರೆ. ಪ್ರೊರೆಸ್ ಓದಲು ಸುಲಭ, ಆದರೆ 4ಕೆಯಲ್ಲಿ ನಿಮಿಷಕ್ಕೆ ಸುಮಾರು 6 ಜಿಬಿ ಜಾಗ ತಿನ್ನುತ್ತದೆ. ಅವರು ಹಂತ 3ನ್ನು ಗಮನವಿಟ್ಟು ಓದಬೇಕು.

## ಹಂತ 2: ಆ ಫೈಲ್‌ಗೆ ಹೊಂದುವ ಚಿಪ್ ಹುಡುಕಿ

4:2:0 ಮಾತ್ರ ಇದ್ದರೆ ಇಲ್ಲಿ ತಲೆ ಕೆಡಿಸಿಕೊಳ್ಳಬೇಡಿ. 10-ಬಿಟ್ 4:2:2 ಎಚ್.265 ಇದ್ದರೆ ದಾರಿ ಮೂರು.

ಒಂದು, ಆ್ಯಪಲ್‌ನ ಎಂ ಸರಣಿಯ ಚಿಪ್. ಮೊದಲ ಎಂ1ನಿಂದಲೇ ಈ ಬೆಂಬಲ ಇದೆ. ಎರಡು, ಇಂಟೆಲ್ 11ನೇ ತಲೆಮಾರು ಮತ್ತು ನಂತರದ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್‌ನಲ್ಲಿರುವ ವಿಡಿಯೊ ಭಾಗ, ಅಂದರೆ ಕ್ವಿಕ್ ಸಿಂಕ್. ಮೂರು, ಎನ್‌ವಿಡಿಯಾ ಆರ್‌ಟಿಎಕ್ಸ್ 50 ಸರಣಿ. ಅದಕ್ಕೂ ಹಿಂದಿನ 40 ಸರಣಿಯಲ್ಲಿ, ಎಷ್ಟೇ ದುಬಾರಿ ಕಾರ್ಡ್ ಆಗಿರಲಿ, 4:2:2 ಓದುವ ಭಾಗ ಇಲ್ಲ. ಎಎಂಡಿ ರೈಜೆನ್ ಜೊತೆ ಆರ್‌ಟಿಎಕ್ಸ್ 4060 ಇರುವ ಗೇಮಿಂಗ್ ಲ್ಯಾಪ್‌ಟಾಪ್ ತಗೊಂಡು, ಸೋನಿ ಕ್ಲಿಪ್ ಹಾಕಿ ಒದ್ದಾಡುವವರು ಬಹಳ ಮಂದಿ. ಗೇಮ್‌ಗೆ ಅದು ಒಳ್ಳೆಯ ಯಂತ್ರ, ಈ ಫೈಲ್‌ಗೆ ಆಗಿಬರುವುದಿಲ್ಲ ಅಷ್ಟೇ. ಹಳೆಯ ಎಚ್.264ನಲ್ಲೇ 10-ಬಿಟ್ 4:2:2 ತೆಗೆಯುತ್ತಿದ್ದರೆ ಬೆಂಬಲ ಇನ್ನೂ ಕಮ್ಮಿ. ಕ್ಯಾಮೆರಾದಲ್ಲಿ ಎಚ್.265 ಆಯ್ಕೆ ಇದ್ದರೆ ಅದಕ್ಕೆ ಬದಲಾಯಿಸಿ, ಹೊಸ ಕ್ಲಿಪ್ ತೆಗೆದು ಮತ್ತೆ ನೋಡಿ.

ಇಂಟೆಲ್ ಜೊತೆ ಎನ್‌ವಿಡಿಯಾ ಇರುವ ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು ತೊಡಕು ಇದೆ. ಕೆಲವು ಮಾದರಿಗಳಲ್ಲಿ ಒಳಗಿನ ಗ್ರಾಫಿಕ್ಸ್ ಆಫ್ ಮಾಡಿ ಎನ್‌ವಿಡಿಯಾ ಮಾತ್ರ ಬಳಸುವ ಮೋಡ್ ಇರುತ್ತದೆ. ಗೇಮ್‌ಗೆ ಅದು ಸರಿ. ಎಡಿಟಿಂಗ್ ಮಾಡುವಾಗ ಆ ಮೋಡ್ ಹಾಕಿದರೆ ಕ್ವಿಕ್ ಸಿಂಕ್ ಕೂಡ ಆಫ್ ಆಗುತ್ತದೆ. ಎರಡೂ ಕೆಲಸ ಮಾಡುವ ಹೈಬ್ರಿಡ್ ಮೋಡ್‌ನಲ್ಲೇ ಇಡಿ.

ಗ್ರಾಫಿಕ್ಸ್ ಕಾರ್ಡ್‌ನ ಹೆಸರನ್ನಷ್ಟೇ ನಂಬಬೇಡಿ. ಲ್ಯಾಪ್‌ಟಾಪ್‌ನ ಆರ್‌ಟಿಎಕ್ಸ್ 4060ಕ್ಕೆ ಎನ್‌ವಿಡಿಯಾ ಕೊಟ್ಟಿರುವ ಪವರ್ ಮಿತಿ 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಹರಡಿದೆ. ತೆಳ್ಳಗಿನ ಲ್ಯಾಪ್‌ಟಾಪ್‌ನ 4060, ದಪ್ಪ ಲ್ಯಾಪ್‌ಟಾಪ್‌ನ 4060 ಹೆಸರಿಗೆ ಮಾತ್ರ ಒಂದೇ. ವಿವರ ಪಟ್ಟಿಯಲ್ಲಿ ಟಿಜಿಪಿ (ಈ ಪವರ್ ಮಿತಿ) ಎಷ್ಟು ಅಂತ ಹುಡುಕಿ. ಬರೆದಿಲ್ಲ ಅಂದರೆ ಅದು ಎಚ್ಚರಿಕೆಯ ಗುರುತು.

ಫೋಟೊ ಜಾಸ್ತಿ, ವಿಡಿಯೊ ಅಪರೂಪಕ್ಕೆ ಅನ್ನುವವರು ದೊಡ್ಡ ಕಾರ್ಡ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. ಆ ಹಣ ಪರದೆಗೂ ರ್ಯಾಮ್‌ಗೂ ಹೋಗಲಿ. ಆದರೆ ಫೋಟೊ ತಿದ್ದುವ ಲೈಟ್‌ರೂಮ್‌ನ ಎಐ ಡಿನಾಯ್ಸ್ (ಫೋಟೊದ ಕಾಳುಕಾಳು ತೆಗೆಯುವುದು) ಗ್ರಾಫಿಕ್ಸ್ ಮೇಲೆ ನಡೆಯುವ ಕೆಲಸ. ಕಬಿನಿಯಲ್ಲಿ ಮುಸ್ಸಂಜೆಗೆ ಐಎಸ್‌ಒ ಏರಿಸಿ ನೂರಾರು ಫೋಟೊ ತೆಗೆದು, ಎಲ್ಲಕ್ಕೂ ಡಿನಾಯ್ಸ್ ಹಾಕುವವರಿಗೆ ಕಾರ್ಡ್ ಬೇಕಾಗುತ್ತದೆ.

ಸ್ನ್ಯಾಪ್‌ಡ್ರ್ಯಾಗನ್ ಚಿಪ್‌ನ ವಿಂಡೋಸ್ ಲ್ಯಾಪ್‌ಟಾಪ್‌ಗಳ ಬ್ಯಾಟರಿ ಚೆನ್ನಾಗಿ ಬರುತ್ತದೆ, ನಿಜ. ಕೊಳ್ಳುವ ಮುನ್ನ ನಿಮ್ಮ ಸಾಫ್ಟ್‌ವೇರ್, ಪ್ಲಗಿನ್, ಬಣ್ಣ ಅಳೆಯುವ ಸಾಧನದ ಡ್ರೈವರ್ ಮೂರೂ ಅದರಲ್ಲಿ ಓಡುತ್ತವೆಯೇ ಅಂತ ಒಂದೊಂದಾಗಿ ನೋಡಿ. ಒಂದು ಓಡದಿದ್ದರೂ ಬೇಡ.

## ಹಂತ 3: ರ್ಯಾಮ್ ಮತ್ತು ಜಾಗ

ಫೋಟೊಗೆ, ಸಾದಾ ವಿಡಿಯೊಗೆ 16 ಜಿಬಿ. 4ಕೆ ಲಾಗ್, ಎರಡು ಮೂರು ಪದರದ ಟೈಮ್‌ಲೈನ್ ಅಂದರೆ 32 ಜಿಬಿ. ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ರ್ಯಾಮ್ ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ. ಆ್ಯಪಲ್‌ನಲ್ಲಂತೂ ಎಲ್ಲವೂ ಹಾಗೆಯೇ. "ಆಮೇಲೆ ಹಾಕಿಸಿಕೊಳ್ಳಬಹುದು ಸಾರ್" ಅಂತ ಅಂಗಡಿಯವರು ಹೇಳಿದರೆ, ಖಾಲಿ ಸ್ಲಾಟ್ ಇದೆಯಾ ಅಂತ ಕಂಪನಿಯ ವಿವರ ಪಟ್ಟಿಯಲ್ಲಿ ನೀವೇ ಓದಿ.

ಜಾಗಕ್ಕೆ ಚೀಟಿಯಲ್ಲಿ ಬರೆದ ಬಿಟ್‌ರೇಟ್ ತೆಗೆಯಿರಿ. ಸೆಕೆಂಡಿಗೆ 100 ಮೆಗಾಬಿಟ್ ಅಂದರೆ 12.5 ಮೆಗಾಬೈಟ್, ಗಂಟೆಗೆ 45 ಜಿಬಿ. 200 ಮೆಗಾಬಿಟ್ ಆದರೆ ಗಂಟೆಗೆ 90 ಜಿಬಿ. ದಿನಕ್ಕೆ ಒಂದು ಗಂಟೆಯಂತೆ ವಾರವಿಡೀ 200ರಲ್ಲಿ ತೆಗೆದರೆ 630 ಜಿಬಿ. 512 ಜಿಬಿಯ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್, ಸಾಫ್ಟ್‌ವೇರ್, ಕ್ಯಾಶ್ ಕಳೆದು ಉಳಿಯುವುದು ಎಷ್ಟು ಅಂತ ನೀವೇ ಲೆಕ್ಕ ಹಾಕಿ. 1 ಟಿಬಿಗಿಂತ ಕಮ್ಮಿ ಬೇಡ.

ಹೊರಗಿನ ಎಸ್‌ಎಸ್‌ಡಿ ಎರಡು ಇಟ್ಟುಕೊಳ್ಳಿ. ಎರಡು ಕಡೆ ಕಾಪಿ ಆಗುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ. ರಾತ್ರಿ ಮಲಗುವಾಗ ಎರಡು ಡ್ರೈವ್ ಎರಡು ಬೇರೆ ಬ್ಯಾಗ್‌ನಲ್ಲಿರಲಿ. ಬಜೆಟ್ ಹಾಕುವಾಗ ಇವುಗಳ ಬೆಲೆ ಮೊದಲೇ ತೆಗೆದಿಟ್ಟು, ಉಳಿದದ್ದರಲ್ಲಿ ಲ್ಯಾಪ್‌ಟಾಪ್ ನೋಡಿ.

## ಹಂತ 4: ಪರದೆ

ಭಾರತದಲ್ಲಿ ಮಾರುವ ಎಷ್ಟೋ ಲ್ಯಾಪ್‌ಟಾಪ್‌ಗಳ ವಿವರ ಪಟ್ಟಿಯಲ್ಲಿ "45% ಎನ್‌ಟಿಎಸ್‌ಸಿ" ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದನ್ನು ಕಂಡ ತಕ್ಷಣ ಆ ಮಾದರಿ ಬಿಡಿ. ವೆಬ್‌ಗೆ ಬೇಕಾದ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಮೂರನೇ ಎರಡು ಭಾಗವನ್ನೂ ಆ ಪರದೆ ತೋರಿಸುವುದಿಲ್ಲ. ಕೆಂಪು ಪೇಲವವಾಗಿ ಕಾಣುತ್ತದೆ, ನೀವು ಸ್ಯಾಚುರೇಶನ್ ಏರಿಸುತ್ತೀರಿ, ಒಳ್ಳೆಯ ಪರದೆಯಲ್ಲಿ ನೋಡಿದವರಿಗೆ ಮದುವಣಗಿತ್ತಿಯ ಮುಖ ಟೊಮೆಟೊ ಬಣ್ಣದಲ್ಲಿ ಕಾಣುತ್ತದೆ.

100% ಎಸ್‌ಆರ್‌ಜಿಬಿ ಕನಿಷ್ಠ. ಅದಕ್ಕಿಂತ ಹೆಚ್ಚು ಬಣ್ಣ ತೋರಿಸುವ ಡಿಸಿಐ-ಪಿ3 ಇದ್ದರೆ ಇನ್ನೂ ಒಳ್ಳೆಯದು. ಹೊಳಪು 400 ನಿಟ್ಸ್ ಅಥವಾ ಹೆಚ್ಚು ಇರಲಿ. 250 ನಿಟ್ಸ್‌ನ ಪರದೆ ಹೋಂಸ್ಟೇ ಜಗಲಿಯಲ್ಲೇ ಕಪ್ಪಗಾಗಿ ಕಾಣುತ್ತದೆ. ಒಎಲ್‌ಇಡಿ ಬಣ್ಣ ಚೆಂದ, ಕಪ್ಪು ನಿಜವಾದ ಕಪ್ಪು. ಆದರೆ ಹೆಚ್ಚಿನವು ಹೊಳೆಯುವ ಗಾಜಿನವು, ಕಿಟಕಿಗೆ ಬೆನ್ನು ಹಾಕಿ ಕೂತರೆ ನಿಮ್ಮ ಮುಖವೇ ಕಾಣುತ್ತದೆ. ಹೊರಗೆ ಕೂತು ಕೆಲಸ ಮಾಡುವವರಿಗೆ ಮ್ಯಾಟ್ ಐಪಿಎಸ್ ಪರದೆಯೇ ನನ್ನ ಆಯ್ಕೆ. ಗಾತ್ರ 14 ಇಂಚು ಸಾಕು, ಅನುಪಾತ 16:10 ಇದ್ದರೆ ಟೈಮ್‌ಲೈನ್‌ಗೆ ಒಂದಿಷ್ಟು ಜಾಸ್ತಿ ಜಾಗ ಸಿಗುತ್ತದೆ.

## ಹಂತ 5: ತೂಕ, ಚಾರ್ಜರ್, ಬ್ಯಾಟರಿ

ತೂಕ ಅಂದರೆ ಲ್ಯಾಪ್‌ಟಾಪ್ ಒಂದರದ್ದಲ್ಲ. ಅಡಾಪ್ಟರ್, ವೈರ್, ಕಾರ್ಡ್ ರೀಡರ್, ಎಸ್‌ಎಸ್‌ಡಿ ಎಲ್ಲ ಒಟ್ಟಿಗೆ ತೂಗಿ. 230 ವ್ಯಾಟ್‌ನ ಗೇಮಿಂಗ್ ಅಡಾಪ್ಟರ್ ಒಂದು ಇಟ್ಟಿಗೆಯಷ್ಟಿರುತ್ತದೆ, ಅದು ಜಾಹೀರಾತಿನ ತೂಕದಲ್ಲಿ ಸೇರಿರುವುದಿಲ್ಲ. ನನ್ನ ಅಳತೆ ಇಷ್ಟು: ಕ್ಯಾಮೆರಾ ಬ್ಯಾಗ್ ಜೊತೆ ಹೊರುವುದಾದರೆ ಲ್ಯಾಪ್‌ಟಾಪ್ ಮತ್ತು ಚಾರ್ಜರ್ ಸೇರಿ 2 ಕೆಜಿ ದಾಟಬಾರದು. ಕಾರಿನಲ್ಲಿ ಓಡಾಡುವವರಿಗೆ ಈ ಮಿತಿ ಬೇಕಿಲ್ಲ.

ಯುಎಸ್‌ಬಿ-ಸಿ ಪಿಡಿ (ಪವರ್ ಡೆಲಿವರಿ) ಚಾರ್ಜಿಂಗ್ ಇರಲೇಬೇಕು. 65 ಅಥವಾ 100 ವ್ಯಾಟ್‌ನ ಒಂದೇ ಚಾರ್ಜರ್‌ನಲ್ಲಿ ಲ್ಯಾಪ್‌ಟಾಪ್, ಮೊಬೈಲ್, ಈಚಿನ ಕ್ಯಾಮೆರಾ ಎಲ್ಲ ಆಗುತ್ತದೆ. ಕಾರಿನ 12 ವೋಲ್ಟ್ ಸಾಕೆಟ್‌ಗೂ ಪಿಡಿ ಚಾರ್ಜರ್ ಸಿಗುತ್ತದೆ, ಇನ್ವರ್ಟರ್ ಬೇಕಾಗುವುದಿಲ್ಲ.

ಬ್ಯಾಟರಿ ವಿಷಯದಲ್ಲಿ "18 ಗಂಟೆ" ಅಂತ ಬರೆದಿರುವುದನ್ನು ಓದಬೇಡಿ, ಅದು ವಿಡಿಯೊ ನೋಡುವ ಲೆಕ್ಕ. ವ್ಯಾಟ್-ಅವರ್ (ಬ್ಯಾಟರಿಯ ಸಾಮರ್ಥ್ಯ) ನೋಡಿ. 70 ವ್ಯಾಟ್-ಅವರ್ ಬ್ಯಾಟರಿ, ಎಡಿಟ್ ಮಾಡುವಾಗ 35 ವ್ಯಾಟ್ ಎಳೆದರೆ ಎರಡೇ ಗಂಟೆ. ಪ್ಲಗ್ ಕಿತ್ತ ಕೂಡಲೇ ಗೇಮಿಂಗ್ ಲ್ಯಾಪ್‌ಟಾಪ್‌ಗಳ ಗ್ರಾಫಿಕ್ಸ್ ವೇಗ ಬಹಳ ಇಳಿಯುತ್ತದೆ. ಮ್ಯಾಕ್‌ಬುಕ್‌ಗಳಲ್ಲಿ ಈ ಇಳಿತ ಇಲ್ಲವೆನ್ನುವಷ್ಟು ಕಮ್ಮಿ. ಬಸ್ಸು ರೈಲಿನಲ್ಲಿ ಎಡಿಟ್ ಮಾಡುವವರಿಗೆ ನಾನು ಮ್ಯಾಕ್ ಹೇಳುವುದು ಮುಖ್ಯವಾಗಿ ಇದಕ್ಕೇ.

ವಿಮಾನದಲ್ಲಿ 100 ವ್ಯಾಟ್-ಅವರ್‌ವರೆಗಿನ ಬ್ಯಾಟರಿಗೆ ಅನುಮತಿ ಕೇಳಬೇಕಿಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. 20,000 ಎಂಎಎಚ್ ಅಂದರೆ ಸುಮಾರು 74 ವ್ಯಾಟ್-ಅವರ್, ತೊಂದರೆ ಇಲ್ಲ. 30,000 ಆದರೆ 111, ವಿಮಾನ ಕಂಪನಿಯ ಒಪ್ಪಿಗೆ ಬೇಕು.

ರೈಲಿನ ಬೋಗಿಗಳಲ್ಲಿ ಸಾಕೆಟ್ ಹೆಚ್ಚಾಗಿ 110 ವೋಲ್ಟ್‌ನದು. ಅಡಾಪ್ಟರ್ ಮೇಲೆ 100–240 ಅಂತ ಇದ್ದರೆ ನಡೆಯುತ್ತದೆ. ದೊಡ್ಡ ಅಡಾಪ್ಟರ್ ಹಾಕಬೇಡಿ. ಅನೇಕ ರೈಲುಗಳಲ್ಲಿ ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ಚಾರ್ಜಿಂಗ್ ಪಾಯಿಂಟ್ ಬಂದ್ ಮಾಡುತ್ತಾರೆ. ರಾತ್ರಿ ಎಕ್ಸ್‌ಪೋರ್ಟ್‌ಗೆ (ಎಡಿಟ್ ಮುಗಿದ ವಿಡಿಯೊವನ್ನು ಒಂದೇ ಫೈಲ್ ಮಾಡಲು) ಹಾಕಿ ಮಲಗುವ ಯೋಚನೆ ರೈಲಿನಲ್ಲಿ ಬೇಡ.

## ಹಂತ 6: ಪೋರ್ಟ್‌ಗಳು

ಎಸ್‌ಡಿ ಕಾರ್ಡ್ ಸ್ಲಾಟ್ ಇದ್ದರೆ ಅದು ಯುಎಚ್‌ಎಸ್-2 (ಕಾರ್ಡ್ ಓದುವ ವೇಗದ ಮಟ್ಟ) ಹೌದಾ ಕೇಳಿ. ಯುಎಚ್‌ಎಸ್-1ರ ಮಿತಿ ಸೆಕೆಂಡಿಗೆ 104 ಮೆಗಾಬೈಟ್, ಯುಎಚ್‌ಎಸ್-2ರದ್ದು 312. ಸಿಎಫ್‌ಎಕ್ಸ್‌ಪ್ರೆಸ್ ಎಂಬ ಬೇರೆ ಬಗೆಯ ಕಾರ್ಡ್ ಬಳಸುವವರಿಗೆ ರೀಡರ್ ಹೇಗೂ ಬೇಕು. ಯುಎಸ್‌ಬಿ-ಸಿ ಪೋರ್ಟ್ ಕನಿಷ್ಠ ಎರಡಿರಲಿ. ಒಂದು ಚಾರ್ಜರ್‌ಗೆ ಹೋದರೆ ಎಸ್‌ಎಸ್‌ಡಿಗೆ ಇನ್ನೊಂದು ಬೇಕಲ್ವಾ? ನೋಡಲು ಒಂದೇ ಥರ ಇರುವ ಎರಡು ಪೋರ್ಟ್‌ಗಳ ವೇಗ ಬೇರೆ ಇರಬಹುದು, ಒಂದರಲ್ಲಿ ಚಾರ್ಜಿಂಗ್ ಇಲ್ಲದೇ ಇರಬಹುದು.

## ಹಂತ 7: ಹೋಗುವ ಜಾಗ ನೋಡಿ ತೀರ್ಮಾನಿಸಿ

ಬಿಸಿಲು, ದೂಳು. ಆ್ಯಪಲ್ ತನ್ನ ಲ್ಯಾಪ್‌ಟಾಪ್‌ಗಳಿಗೆ ಹೇಳುವ ಬಳಕೆಯ ಉಷ್ಣಾಂಶ 10ರಿಂದ 35 ಡಿಗ್ರಿ. ಬೇಸಿಗೆಯ ಹಂಪಿ, ಬಾದಾಮಿ, ಕಲಬುರಗಿಯಲ್ಲಿ ಮಧ್ಯಾಹ್ನ ಇದು ಸಲೀಸಾಗಿ ದಾಟುತ್ತದೆ. ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನ್ ಇಲ್ಲ, ದೂಳು ಒಳಗೆ ಎಳೆಯುವುದಿಲ್ಲ. ಆದರೆ ಉದ್ದದ ಎಕ್ಸ್‌ಪೋರ್ಟ್‌ನಲ್ಲಿ ಬಿಸಿಯಾಗಿ ನಿಧಾನವಾಗುತ್ತದೆ. ಫೋಟೊ, ಚಿಕ್ಕ ರೀಲ್ಸ್ ಸಾಕು ಅನ್ನುವವರಿಗೆ ಏರ್ ಬಹಳ ಒಳ್ಳೆಯ ಆಯ್ಕೆ. ಅರ್ಧ ಗಂಟೆಯ ವ್ಲಾಗ್ ಮಾಡುವವರಿಗೆ ಫ್ಯಾನ್ ಇರುವುದೇ ಸರಿ. ಹಾಸಿಗೆ ಮೇಲಿಟ್ಟು ಎಕ್ಸ್‌ಪೋರ್ಟ್ ಮಾಡುವುದು ಎಲ್ಲಿಯೂ ಬೇಡ, ಗಾಳಿಯ ಕಿಂಡಿ ಮುಚ್ಚಿಹೋಗುತ್ತದೆ.

ಎತ್ತರ. ಲಡಾಖ್ ಟ್ರಿಪ್‌ಗೆ ತಿರುಗುವ ಹಾರ್ಡ್ ಡಿಸ್ಕ್ ಒಯ್ಯಬೇಡಿ. ಅದರ ಓದುವ ಮುಳ್ಳು ತೆಳು ಗಾಳಿಯ ಪದರದ ಮೇಲೆ ತೇಲುತ್ತದೆ, ಅವನ್ನು ಹೆಚ್ಚಾಗಿ 3,000 ಮೀಟರ್ ಆಸುಪಾಸಿನವರೆಗಷ್ಟೇ ಬಳಸಲು ಹೇಳಿರುತ್ತಾರೆ. ಲೇಹ್ ಊರೇ ಸುಮಾರು 3,500 ಮೀಟರ್‌ನಲ್ಲಿದೆ. ಎಸ್‌ಎಸ್‌ಡಿಗೆ ಈ ಭಯ ಇಲ್ಲ. ಗಾಳಿ ತೆಳುವಾದಷ್ಟೂ ಫ್ಯಾನ್‌ನ ತಂಪು ಕಮ್ಮಿಯಾಗುತ್ತದೆ, ಭಾರಿ ಎಕ್ಸ್‌ಪೋರ್ಟ್ ಕೆಳಗಿಳಿದ ಮೇಲೆ ಇಟ್ಟುಕೊಳ್ಳಿ.

ಮಳೆಗಾಲದ ಮಲೆನಾಡು. ಆಗುಂಬೆ ಕಡೆ ಮಳೆಗೆ ಹೋಗುವವರು ಎಸಿ ಕಾರಿನಿಂದ ಇಳಿದ ಕೂಡಲೇ ಲ್ಯಾಪ್‌ಟಾಪ್ ತೆರೆಯಬೇಡಿ. ತಣ್ಣನೆಯ ಲೋಹದ ಮೇಲೆ ತೇವ ಕೂರುತ್ತದೆ. ಮುಚ್ಚಿದ ಬ್ಯಾಗ್‌ನಲ್ಲೇ ಅರ್ಧ ಗಂಟೆ ಬಿಡಿ. ಗುಡುಗು ಶುರುವಾದರೆ ಪ್ಲಗ್ ಕೀಳಿ.

ಹೋಂಸ್ಟೇಗಳಲ್ಲಿ ಇನ್ನೊಂದು ಅನುಭವ ಆಗುತ್ತದೆ. ಲೋಹದ ಮೈಯ ಲ್ಯಾಪ್‌ಟಾಪ್ ಚಾರ್ಜ್‌ಗೆ ಹಾಕಿ ಅಂಗೈ ಇಟ್ಟರೆ ಜುಮ್ ಜುಮ್ ಅನ್ನುತ್ತದೆ, ಬೆರಳು ಸವರಿದರೆ ಮೇಲ್ಮೈ ಗರಗಸದ ಹಾಗೆ ತರಿತರಿ. ಎರಡು ಪಿನ್‌ನ ಅಡಾಪ್ಟರ್‌ನಲ್ಲಿ, ಅರ್ತಿಂಗ್ ಇಲ್ಲದ ಸಾಕೆಟ್‌ನಲ್ಲಿ ಇದು ಸಾಮಾನ್ಯ. ಮೂರು ಪಿನ್‌ನ ವೈರ್ ಬಳಸಿ, ಬೇರೆ ಸಾಕೆಟ್‌ಗೆ ಹಾಕಿ ನೋಡಿ. ಜುಮ್ ಅನ್ನುವುದು ಜೋರಾಗಿದ್ದರೆ, ಶಾಕ್ ಹೊಡೆದರೆ, ಆ ಸಾಕೆಟ್ ಮುಟ್ಟಲೇಬೇಡಿ. ಬ್ಯಾಟರಿಯಲ್ಲೇ ಕೆಲಸ ಮುಗಿಸಿ.

## ಹಂತ 8: ಅಂಗಡಿಯಲ್ಲಿ ಪರೀಕ್ಷೆ

ಇದನ್ನು ಬಿಟ್ಟರೆ ಮೇಲಿನ ಏಳೂ ಹಂತ ಕಾಗದದ ಮೇಲಿನ ಲೆಕ್ಕ. ಬೆಂಗಳೂರಿನ ಎಸ್‌ಪಿ ರೋಡ್ ಆಗಲಿ, ನಿಮ್ಮೂರಿನ ಶೋರೂಮ್ ಆಗಲಿ, ವಾರದ ದಿನ ಬೆಳಗ್ಗೆ ಹೋಗಿ. ಆಗ ಜನ ಕಮ್ಮಿ, ಅಂಗಡಿಯವರಿಗೂ ಪುರುಸೊತ್ತಿರುತ್ತದೆ. "ನನ್ನ ಕ್ಲಿಪ್ ಹಾಕಿ ನೋಡಬೇಕು, ಅರ್ಧ ಗಂಟೆ ಬೇಕು" ಅಂತ ಮೊದಲೇ ಹೇಳಿ.

1. ಚಾರ್ಜರ್ ಕೀಳಿ. ಡೆಮೊ ಯಂತ್ರ ಯಾವಾಗಲೂ ಪ್ಲಗ್‌ನಲ್ಲಿರುತ್ತದೆ. ನಿಮ್ಮ ಕೆಲಸ ನಡೆಯುವುದು ಹಾಗಲ್ಲ.

2. ನೀವು ಬಳಸುವ ಸಾಫ್ಟ್‌ವೇರ್‌ನಲ್ಲೇ ಕ್ಲಿಪ್ ತೆರೆಯಿರಿ. ವಿಡಿಯೊ ಎಡಿಟ್ ಮಾಡುವ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ, ಹಣ ಕೊಡುವ ಸ್ಟುಡಿಯೊ ಆವೃತ್ತಿ ಎರಡೂ ಈ ವಿಷಯದಲ್ಲಿ ಒಂದೇ ಅಲ್ಲ. ವಿಂಡೋಸ್‌ನಲ್ಲಿ ಕೆಲವು ಫಾರ್ಮ್ಯಾಟ್‌ಗಳ ಹಾರ್ಡ್‌ವೇರ್ ನೆರವು ಸ್ಟುಡಿಯೊಗೆ ಮಾತ್ರ. ಲಿನಕ್ಸ್‌ನ ಉಚಿತ ಆವೃತ್ತಿಯಲ್ಲಿ ಎಚ್.264, ಎಚ್.265 ತೆರೆಯುವುದೇ ಇಲ್ಲ.

3. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ನೋಡಿ. ಕ್ಲಿಪ್ ಓಡುತ್ತಿರುವಾಗ ಪರ್ಫಾರ್ಮೆನ್ಸ್ ಪುಟದಲ್ಲಿ ಜಿಪಿಯು (ಗ್ರಾಫಿಕ್ಸ್ ಚಿಪ್) ಒತ್ತಿ. ಅಲ್ಲಿ "ವಿಡಿಯೊ ಡಿಕೋಡ್" ಅನ್ನುವ ಪುಟ್ಟ ಗ್ರಾಫ್ ಇರುತ್ತದೆ. ಎರಡು ಜಿಪಿಯು ಇದ್ದರೆ ಎರಡನ್ನೂ ನೋಡಿ. ಗೆರೆ ಮೇಲೆದ್ದು ಸಿಪಿಯು (ಪ್ರೊಸೆಸರ್) ತಣ್ಣಗಿದ್ದರೆ ಚಿಪ್ ನಿಮ್ಮ ಫೈಲನ್ನು ಗುರುತಿಸಿದೆ. ಆ ಗೆರೆ ಸೊನ್ನೆಯಲ್ಲೇ ಮಲಗಿ ಸಿಪಿಯು 80–90%ಗೆ ಏರಿದರೆ, ಎಷ್ಟೇ ರಿಯಾಯಿತಿ ಕೊಟ್ಟರೂ ಆ ಮಾದರಿ ನಿಮಗಲ್ಲ.

4. ಐದು ನಿಮಿಷದ ಟೈಮ್‌ಲೈನ್ ಎಕ್ಸ್‌ಪೋರ್ಟ್ ಮಾಡಿ. ಬ್ಯಾಟರಿಯಲ್ಲಿ ಒಮ್ಮೆ, ಚಾರ್ಜರ್ ಹಾಕಿ ಒಮ್ಮೆ. ಎರಡೂ ಸಮಯ ಬರೆದುಕೊಳ್ಳಿ. ಬ್ಯಾಟರಿಯಲ್ಲಿ ದುಪ್ಪಟ್ಟು ಹಿಡಿದರೆ ಪ್ರಯಾಣಕ್ಕೆ ಅದು ಬೇಡ. ಫ್ಯಾನ್ ಸದ್ದು ಕೇಳಿಸಿಕೊಳ್ಳಿ, ಕೀಲಿಗಳ ಮೇಲೆ ಬೆರಳಿಟ್ಟು ಬಿಸಿ ನೋಡಿ.

5. ಪರದೆಯನ್ನು ಬಾಗಿಲ ಹತ್ತಿರ ಒಯ್ಯಿರಿ. ಹೊರಗಿನ ಬೆಳಕಿನಲ್ಲಿ ನಿಮ್ಮ ಒಂದು ಫೋಟೊ ತೆರೆಯಿರಿ. ನೆರಳಿನ ಭಾಗದ ವಿವರ ಕಾಣುತ್ತದೆಯೇ? ಪಕ್ಕದಿಂದ ನೋಡಿದಾಗ ಬಣ್ಣ ಬದಲಾಗುತ್ತದೆಯೇ?

6. 20 ಜಿಬಿ ಕಾಪಿ ಮಾಡಿ. ಶುರುವಿನ ವೇಗ ಕೊನೆವರೆಗೂ ಉಳಿಯುತ್ತದಾ ನೋಡಿ. ಅರ್ಧಕ್ಕೇ ಕುಸಿದರೆ ಲ್ಯಾಪ್‌ಟಾಪ್‌ದೋ ನಿಮ್ಮ ಎಸ್‌ಎಸ್‌ಡಿಯದೋ ತಪ್ಪು ಅಂತ ಬೇರೆ ಯಂತ್ರದಲ್ಲಿ ಖಚಿತ ಮಾಡಿಕೊಳ್ಳಿ.

ಅಂಗಡಿಯವರು ಇದಕ್ಕೆಲ್ಲ ಒಪ್ಪದಿದ್ದರೆ ಜಗಳ ಬೇಡ, ಮುಂದಿನ ಅಂಗಡಿಗೆ ಹೋಗಿ. ಆನ್‌ಲೈನ್‌ನಲ್ಲಿ ಕೊಳ್ಳುವವರು ವಾಪಸಾತಿಯ ನಿಯಮವನ್ನು ಪೂರ್ತಿ ಓದಿ. ದೋಷ ಇದ್ದರೆ ಬದಲಿ ಕೊಡುತ್ತೇವೆ ಅನ್ನುವುದಕ್ಕೂ, ಇಷ್ಟವಾಗದಿದ್ದರೆ ಹಣ ಕೊಡುತ್ತೇವೆ ಅನ್ನುವುದಕ್ಕೂ ಬಹಳ ಅಂತರ.

## ಹಂತ 9: ಬಿಲ್, ವಾರಂಟಿ

ಬಿಲ್‌ನಲ್ಲಿರುವ ಮಾದರಿ ಸಂಖ್ಯೆ, ಪೆಟ್ಟಿಗೆ ಮೇಲಿನದು, ಯಂತ್ರದ ಕೆಳಗಿನದು ಮೂರೂ ಒಂದೇ ಇರಬೇಕು. ಒಂದೇ ಹೆಸರಿನ ಲ್ಯಾಪ್‌ಟಾಪ್ ನಾಲ್ಕಾರು ಪರದೆಗಳಲ್ಲಿ ಬರುತ್ತದೆ. ನೀವು ನೋಡಿದ ಡೆಮೊದಲ್ಲಿ ಒಳ್ಳೆಯ ಪರದೆ, ಪೆಟ್ಟಿಗೆಯಲ್ಲಿ 45% ಎನ್‌ಟಿಎಸ್‌ಸಿ, ಹೀಗೂ ಆಗುತ್ತದೆ.

ಪ್ರಯಾಣ ಮಾಡುವವರು ಬಿದ್ದರೆ, ನೀರು ಬಿದ್ದರೆ ರಿಪೇರಿ ಸಿಗುವ ವಾರಂಟಿ ಸೇರಿಸಿಕೊಳ್ಳಿ. ಸಾದಾ ವಾರಂಟಿಯಲ್ಲಿ ಇವೆರಡೂ ಇಲ್ಲ. ವಿದೇಶಕ್ಕೆ ಹೋಗುವವರು ಅಲ್ಲಿಯೂ ವಾರಂಟಿ ನಡೆಯುತ್ತದೆಯೇ ಅಂತ ಬರಹದಲ್ಲಿ ಕೇಳಿ. ಜಿಎಸ್‌ಟಿ ನೋಂದಣಿ ಇರುವ ಫೋಟೊಗ್ರಾಫರ್‌ಗಳು ಬಿಲ್‌ನಲ್ಲೇ ನಂಬರ್ ಹಾಕಿಸಿ.

## ಹಂತ 10: ಹೊರಡುವ ಮುನ್ನದ ವಾರ

ಮನೆಯಲ್ಲೇ ಒಂದು ದಿನ ಚಾರ್ಜರ್ ಕಿತ್ತು ಒಂದು ಪೂರ್ತಿ ಕೆಲಸ ಮಾಡಿ: ಕಾರ್ಡ್ ಕಾಪಿ, ಆಯ್ಕೆ, ಎಡಿಟ್, ಎಕ್ಸ್‌ಪೋರ್ಟ್. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ ಅಂತ ಗೊತ್ತಾಗುತ್ತದೆ. ಟೈಮ್‌ಲೈನ್ ಭಾರವಾದರೆ ಪ್ರಾಕ್ಸಿ (ಎಡಿಟ್‌ಗೆಂದು ಕ್ಲಿಪ್‌ನ ಹಗುರ ನಕಲು) ಮಾಡುವುದನ್ನು ಈಗಲೇ ಕಲಿಯಿರಿ. ರಿಸಾಲ್ವ್, ಪ್ರೀಮಿಯರ್ ಎರಡರಲ್ಲೂ ಇದೆ. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಸ್ಮಾರ್ಟ್ ಪ್ರಿವ್ಯೂ (ಫೋಟೊದ ಹಗುರ ನಕಲು) ಮಾಡಿಟ್ಟುಕೊಂಡರೆ ಮೂಲ ಫೈಲ್ ಇರುವ ಡ್ರೈವ್ ಜೋಡಿಸದೆಯೂ ಫೋಟೊ ತಿದ್ದಬಹುದು.

ವಿಂಡೋಸ್ ಲ್ಯಾಪ್‌ಟಾಪ್‌ನ ಮುಚ್ಚಳ ಮುಚ್ಚಿ ಬ್ಯಾಗ್‌ಗೆ ಹಾಕಿದ ಮೇಲೂ ಕೆಲವೊಮ್ಮೆ ಅದು ಒಳಗೊಳಗೇ ಎದ್ದು ಕೆಲಸ ಮಾಡುತ್ತದೆ. ಬ್ಯಾಗ್ ಬೆಚ್ಚಗಾಗಿರುತ್ತದೆ, ಬ್ಯಾಟರಿ ಅರ್ಧ ಆಗಿರುತ್ತದೆ. ಪವರ್ ಸೆಟ್ಟಿಂಗ್‌ನಲ್ಲಿ ಮುಚ್ಚಳ ಮುಚ್ಚಿದರೆ ಸ್ಲೀಪ್ ಬದಲು ಹೈಬರ್ನೇಟ್ (ಕೆಲಸ ಉಳಿಸಿ ಪೂರ್ತಿ ಆಫ್ ಆಗುವ ಸ್ಥಿತಿ) ಆಗುವಂತೆ ಬದಲಾಯಿಸಿ.

ಕೊನೆಗೆ ಎಲ್ಲ ಸಾಫ್ಟ್‌ವೇರ್‌ಗೂ ಲಾಗಿನ್ ಆಗಿ, ವೈಫೈ ಆಫ್ ಮಾಡಿ, ಒಂದೊಂದನ್ನೂ ತೆರೆದು ನೋಡಿ. ಕೆಲವು ಪ್ಲಗಿನ್‌ಗಳು ನೆಟ್ ಇಲ್ಲದಿದ್ದರೆ ಲೈಸೆನ್ಸ್ ಕೇಳಿ ನಿಂತುಬಿಡುತ್ತವೆ. ಬಾಕಿ ಇರುವ ಅಪ್‌ಡೇಟ್‌ಗಳನ್ನು ಹೊರಡುವುದಕ್ಕೆ ಮೂರ್ನಾಲ್ಕು ದಿನ ಮೊದಲೇ ಮುಗಿಸಿ, ಆಮೇಲೆ ವಾಪಸ್ ಬರುವವರೆಗೆ ಅಪ್‌ಡೇಟ್ ತಡೆದಿಡಿ.